ತಪ್ಪಿದ್ದರೆ ಮಾತ್ರ ಸ್ಟಿಕ್ಕರ್

ನಮ್ಮಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸದವಳು. ಹೊಲಿದು ಬಂದ ಶರಟು ಕೈಗೆ ಸಿಕ್ಕಿದರೆ ನಾವು ನೀವು ಕಾಲರು ನೋಡುತ್ತೇವೆ, ಗುಂಡಿ ನೋಡುತ್ತೇವೆ. ಅವಳು ಮೊದಲು ಅದರ ಒಳಮಗ್ಗುಲನ್ನು ಹೊರಗೆ ತಿರುಗಿಸುತ್ತಾಳೆ. ಹೊಲಿಗೆ ಜಾರಿದ್ದರೆ, ದಾರದ ತುದಿ ಉಳಿದಿದ್ದರೆ ಅಲ್ಲಿಗೊಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ರಿಪೇರಿಗೆ ಎಸೆಯುತ್ತಾಳೆ. ಸರಿಯಿದ್ದರೆ ಏನೂ ಇಲ್ಲ, ಪಕ್ಕದ ಮೇಜಿಗೆ ಸರಿಸುವುದು ಅಷ್ಟೆ. ಅವರ ಕಾರ್ಖಾನೆಯಲ್ಲಿ ಸುಮ್ಮನಿರುವುದೇ ಶಹಬ್ಬಾಸ್‌ಗಿರಿ.

ಈ ಚಾಳಿ ಮನೆಗೂ ಬಂದಿತ್ತು. ತರಕಾರಿಯವನು ಒಂದು ಹಿಡಿ ಕೊಸರು ಹಾಕಿದರೆ ಸಾಕು, "ಇವತ್ತೇನು ಇಷ್ಟೊಂದು ಧಾರಾಳ?" ಎಂದು ತಕ್ಕಡಿಯ ಕೆಳಗೆ ಬಗ್ಗಿ ನೋಡುವಳು. ಭಾವ ನಗುನಗುತ್ತ ಮನೆಗೆ ಬಂದರೆ ಆ ದಿನ ಅವರ ಜೇಬಿನ ತಪಾಸಣೆ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಇವಳು, ಕಲ್ಲು ಸಿಗದಿದ್ದರೆ ಮೊಸರು ಮಾರಿದವಳ ಮೇಲೇ ಗುಮಾನಿ ಪಡುವವಳು. ಪತ್ತೇದಾರಿ ಅಂತ ನಾವು ಅವಳಿಗೆ ಸುಮ್ಮನೆ ಹೆಸರಿಟ್ಟಿಲ್ಲ.

ಆದರೆ ಅವಳ ಮಗಳಿಗೆ ಹೈಸ್ಕೂಲು ಹುಡುಕುವ ಕಾಲ ಬಂದಾಗ ನಮಗ್ಯಾರಿಗೂ ನಗು ಬರಲಿಲ್ಲ. ಹುಡುಗಿ ದಡ್ಡಿಯಲ್ಲ. ಓದುತ್ತ ಓದುತ್ತ ಅರ್ಧ ವಾಕ್ಯಕ್ಕೇ ನಿಂತುಬಿಡುವಳು. ಲೆಕ್ಕದ ಉತ್ತರ ಸರಿಯಾಗಿಯೇ ಬರೆದು, ಯಾರಾದರೂ ನೋಡುವ ಮೊದಲೇ ಅಳಿಸಿಬಿಡುವಳು. ಉಜ್ಜಿ ಉಜ್ಜಿ ಹಾಳೆಯೇ ತೂತು. ಹಳೆಯ ಶಾಲೆಯ ಟೀಚರು ಅಕ್ಕನನ್ನು ಕರೆಸಿ, "ಇವಳಿಗೆ ಬೇಕಾಗಿರೋದು ಟ್ಯೂಷನ್ ಅಲ್ಲಮ್ಮ, ಬೆನ್ನು ತಟ್ಟೋರು. ಅಂಥ ಶಾಲೆ ನೋಡಿ ಸೇರ್ಸಿ. ಇಲ್ಲದಿದ್ರೆ ಈ ಮಗು ಬಾಯೇ ಮುಚ್ಚಿಬಿಡುತ್ತೆ" ಎಂದಿದ್ದರು. ಟ್ಯೂಷನ್ ಬೇಡ ಅನ್ನುವ ಟೀಚರೂ ಉಂಟೇ ಎಂದು ಅಕ್ಕನಿಗೆ ಅದರ ಮೇಲೂ ಅನುಮಾನ. ಆದರೂ ಹೆದರಿದ್ದಳು. ಶಾಲೆ ನೋಡಲು ಮಗಳ ಜೊತೆ ನನ್ನನ್ನೂ ಎಳೆದುಕೊಂಡು ಹೊರಟಳು.

ಮೊದಲ ಶಾಲೆಯಲ್ಲಿ ನೆಲ ಫಳಫಳ ಹೊಳೆಯುತ್ತಿತ್ತು. ಮುಖ್ಯೋಪಾಧ್ಯಾಯರು ತಾವೇ ಎದ್ದು ಕುರ್ಚಿ ಸರಿಸಿ, "ಎಷ್ಟು ಚೂಟಿ ನಿಮ್ಮ ಮಗಳು! ಮುಖ ನೋಡಿದ್ರೇನೇ ಗೊತ್ತಾಗುತ್ತೆ" ಎಂದರು. ಹುಡುಗಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಅತಿ ವಿನಯಂ ಧೂರ್ತ ಲಕ್ಷಣಂ," ಎಂದು ಅಕ್ಕ ನನ್ನ ಕಿವಿಯಲ್ಲಿ ಊದಿ, ಶೌಚಾಲಯ ಎಲ್ಲಿ ಎಂದು ಕೇಳಿಕೊಂಡು ಹೋದಳು. ಮುಖ ಸಿಂಡರಿಸಿಕೊಂಡು ವಾಪಸು ಬಂದಳು. "ಹೊರಗೆಲ್ಲ ಇಸ್ತ್ರಿ, ಒಳಗೆ ಹರಕು. ಬಾಗಿಲಿಗೆ ಚಿಲಕ ಇಲ್ಲ, ನಲ್ಲೀಲಿ ನೀರಿಲ್ಲ. ನಡಿ."

ಎರಡನೆಯ ಶಾಲೆಯಲ್ಲಿ ಪಿಟ್ ಎನ್ನುವ ಸದ್ದಿಲ್ಲ. "ಇಷ್ಟು ಮಕ್ಕಳಿದ್ದೂ ಒಂದು ಕೆಮ್ಮು ಕೇಳಿಸಲ್ಲ ಅಂದ್ರೆ ಏನರ್ಥ?" ಎಂದು ಅವಳು ಕಾರಿಡಾರಿನ ತುದಿಯವರೆಗೆ ನಡೆದಳು. ಅಲ್ಲಿ ಮೂರು ಮಕ್ಕಳು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವಳ ಅನುಮಾನಕ್ಕೆ ನಾನು ಮನಸಾರೆ ಹೂಂ ಅಂದದ್ದು ಅವತ್ತೇ ಮೊದಲು.

ಮೂರನೆಯದು ಪ್ರಿಂಟಿಂಗ್ ಪ್ರೆಸ್ಸೊಂದರ ಪಕ್ಕದ ಹಳೇ ಕಟ್ಟಡ. ಗೋಡೆಯ ಗಾರೆ ಉದುರಿತ್ತು. ಅಕ್ಕ ನಲ್ಲಿ ತಿರುಗಿಸಿದಳು, ನೀರು ಬಂತು. ಚಿಲಕ ಹಾಕಿ ನೋಡಿದಳು, ಸರಿಯಾಗಿ ಕೂತಿತು. ಹಿಂದಿನ ಬೆಂಚಿನ ಮಕ್ಕಳನ್ನು ಕಿಟಕಿಯಿಂದ ಇಣುಕಿ ನೋಡಿದಳು, ಅವರೂ ಕೈ ಎತ್ತುತ್ತಿದ್ದರು. ಒಂದೂ ತಪ್ಪು ಸಿಗದೆ ಅವಳ ಹುಬ್ಬು ಇನ್ನಷ್ಟು ಗಂಟಾಯಿತು.

ಕನ್ನಡಕದ ಟೀಚರೊಬ್ಬರು ಹುಡುಗಿಯ ಕೈಗೆ ಪಾಠದ ಪುಸ್ತಕ ಕೊಟ್ಟು ಓದಿಸಿದರು. ಹುಡುಗಿ ಎಂದಿನಂತೆ ಅರ್ಧಕ್ಕೇ ನಿಂತಳು. ಟೀಚರು ಏನೂ ಹೇಳಲಿಲ್ಲ, ಕಾದರು. ಅಕ್ಕ ನನ್ನ ಪಕ್ಕೆಗೆ ತಿವಿದು, "ತಿದ್ದೋದೇ ಇಲ್ವಲ್ಲ, ಇವ್ರಿಗೇ ಬರುತ್ತೋ ಇಲ್ವೋ" ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಹುಡುಗಿ ಮತ್ತೆ ಶುರು ಮಾಡಿ ಪುಟದ ಕೊನೆ ಮುಟ್ಟಿದಳು.

"ಕಷ್ಟದ ಪದ ಬಂದಾಗ ಹಾರಿಸಿ ಹೋಗ್ಲಿಲ್ಲ ನೀನು, ನಿಂತು ಬಿಡಿಸ್ಕೊಂಡೆ. ಅದು ನಂಗೆ ಇಷ್ಟ ಆಯ್ತು," ಎಂದರು ಟೀಚರು.

ಹುಡುಗಿ ತಟ್ಟನೆ ತಾಯಿಯ ಮುಖ ನೋಡಿದಳು. ಅಕ್ಕ ಸುಮ್ಮನಿದ್ದಳು.

"ಯಾಕಮ್ಮ, ಹಾಗೆ ನೋಡ್ತೀಯ?" ಎಂದು ಟೀಚರು ಹುಡುಗಿಯನ್ನು ಕೇಳಿದರು.

"ಅಮ್ಮ ಏನೂ ಹೇಳ್ತಿಲ್ಲ ಮಿಸ್."

"ಹೇಳದಿದ್ರೆ ಒಳ್ಳೇದೇ ಅಲ್ವಾ?"

"ಇಲ್ಲ ಮಿಸ್. ಸುಮ್ನಿದ್ರೆ, ತಪ್ಪು ಎಲ್ಲಿದೆ ಅಂತ ಇನ್ನೂ ಹುಡುಕ್ತಿದಾಳೆ ಅಂತರ್ಥ."

ಅಕ್ಕ ಎದ್ದು ಹೊರಗೆ ಹೋದಳು. ನಾನು ಹಿಂದೆ ಓಡಿದೆ. ಗೇಟಿನ ಹತ್ತಿರ ನಿಂತಿದ್ದಳು, ಮುಖ ಕೆಂಪಾಗಿತ್ತು.

"ಆ ಟೀಚರೇ ಹೇಳಿಕೊಟ್ಟಿರ್ಬೇಕು."

"ಯಾವಾಗ ಅಕ್ಕ? ನಾವು ಅಲ್ಲೇ ಕೂತಿದ್ವಲ್ಲ!"

"ಮತ್ತೆ ನಾನು ಸುಮ್ನಿದ್ರೆ ಸರಿಯಾಗಿದೆ ಅಂತ ಅಲ್ವಾ? ಹುಟ್ಟಿದಾಗಿಂದ ನನ್ನ ಜೊತೆ ಇದ್ದಾಳೆ, ಅಷ್ಟೂ ಗೊತ್ತಾಗ್ಲಿಲ್ವಾ ಅವ್ಳಿಗೆ?"

ನನಗೆ ರೇಗಿತು. "ಗೊತ್ತಾಗೋಕೆ ಅವ್ಳೇನು ನಿಮ್ಮ ಕಾರ್ಖಾನೇಲಿ ಕೆಲ್ಸ ಮಾಡ್ತಾಳಾ?" ಎಂದೆ.

ಅಕ್ಕ ಗೇಟಿನಿಂದ ತಿರುಗಿ ಒಳಗೆ ಹೋಗಿ, ಮಗಳನ್ನು ಇಲ್ಲೇ ಸೇರಿಸುವುದಾಗಿ ಹೇಳಿ ಬಂದಳು.

ಮೂವರೂ ಬಸ್ ನಿಲ್ದಾಣಕ್ಕೆ ಬಂದೆವು. ಒಂದು ಬಸ್ಸು ಬಂತು. ಅಕ್ಕ ಹತ್ತಲು ಕಾಲೆತ್ತಿದಳು. ಹುಡುಗಿ ಮೆಲ್ಲಗೆ, "ಅಮ್ಮ, ಇದು ಸುತ್ತಿಕೊಂಡು ಹೋಗುತ್ತೆ. ಹಿಂದೆ ಬರ್ತಿರೋದು ನೇರ ಹೋಗುತ್ತೆ" ಎಂದಳು. ಅಕ್ಕ ಬೋರ್ಡು ನೋಡಿದಳು. ಮಗಳು ಹೇಳಿದ್ದೇ ಸರಿ. ಎಂದಿನಂತೆ ಸುಮ್ಮನೆ ಕಾಲು ಕೆಳಗಿಟ್ಟಳು. ಆಮೇಲೆ ಮಗಳ ಕಡೆ ತಿರುಗಿ, "ಸರಿಯಾಗಿ ಹೇಳ್ದೆ" ಎಂದಳು.

ಹುಡುಗಿ ಬೆಚ್ಚಿಬಿದ್ದಳು. ಜಡೆ ಮುಟ್ಟಿ ನೋಡಿಕೊಂಡಳು. ಅಂಗಿಯ ಗುಂಡಿ ನೋಡಿಕೊಂಡಳು. ಹಿಂದೆ ಏನಾದರೂ ಅಂಟಿದೆಯೋ ಎಂದು ಕತ್ತು ತಿರುಗಿಸಿದಳು.

"ಏನಾಗಿದೆಯಮ್ಮ? ಎಲ್ಲಿ?"

"ಏನೂ ಆಗಿಲ್ಲ ಕಂದ. ಸರಿಯಾಗಿ ಹೇಳ್ದೆ ಅಂದೆ."

ಹುಡುಗಿ ಹುಬ್ಬು ಗಂಟಿಕ್ಕಿ ತಾಯಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ತರಕಾರಿಯವನನ್ನು ಅಕ್ಕ ನೋಡುತ್ತಿದ್ದದ್ದು ಹಾಗೆಯೇ. ನೇರ ಹೋಗುವ ಬಸ್ಸು ಬಂದು, ನಿಂತು, ಹೊರಟೂ ಹೋಯಿತು. ಅಕ್ಕ ಹತ್ತಲಿಲ್ಲ. ಮಗಳ ಎರಡೂ ಕೈ ಹಿಡಿದುಕೊಂಡು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.