ಪಾಸ್‌ಪೋರ್ಟಿಗೆ ಬೇಕಾದ ಹಂಪಕ್ಕ

ಕೌಲ್ ಬಜಾರಿನ ಹಂಪಕ್ಕ ಹೊಲಿದ ಜೀನ್ಸ್ ಪ್ಯಾಂಟುಗಳು ಎಷ್ಟು ಊರು ಸುತ್ತಿದವೋ ಏನೋ, ಅವಳು ಮಾತ್ರ ಬಳ್ಳಾರಿ ಜಿಲ್ಲೆಯ ಗಡಿ ದಾಟಿದ್ದು ಎರಡೇ ಸಲ. ಮೂವತ್ತು ವರ್ಷ ಮಷೀನಿನ ಮುಂದೆ ಕೂತು ಸೊಂಟ ಸವೆಸಿದ ಗಟ್ಟಿಗಿತ್ತಿ. ಗಂಡ ತೀರಿಕೊಂಡ ಮೇಲೆ ಬುದ್ಧವಿಹಾರಕ್ಕೆ ಹೋಗತೊಡಗಿದಳು. ಅಲ್ಲಿಯವರು ಶ್ರೀಲಂಕಾದ ಅನುರಾಧಪುರಕ್ಕೆ ಬೋಧಿವೃಕ್ಷ ನೋಡಲು ಹೊರಟಾಗ ಅರವತ್ತಮೂರರ ಹಂಪಕ್ಕ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಳು. ಆ ಮರದ ನೆರಳಿನಲ್ಲಿ ಒಂದು ಗಳಿಗೆ ಕೂತು ಬಂದರೆ ಈ ಜೀವಕ್ಕೆ ಮತ್ತೇನೂ ಬೇಡ ಎನ್ನುವುದು ಅವಳ ಹಟ.

ಅರ್ಜಿ ತುಂಬಿಕೊಡುವ ದುರ್ಗೇಶ ಅವಳ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರವಿದ.

"ಹಂಪಕ್ಕಾ, ವೀಸಾ ಬೇಕಂದ್ರೂ, ವಿಮಾನ ಹತ್ತಬೇಕಂದ್ರೂ ಮೊದಲು ಪಾಸ್‌ಪೋರ್ಟು ಕೈಯಾಗ ಇರಬೇಕು. ನಿಮ್ಮ ಆಧಾರ್‌ನಾಗ ಹುಟ್ಟಿದ ತಾರೀಖು ಒಂದೈತಿ, ಸಾಲಿ ಟಿಸಿಯಾಗ ಅದಕ್ಕಿಂತ ಮೂರು ವರ್ಷ ಹಿಂದಿಂದೈತಿ. ಎರಡು ಸಲ ಹುಟ್ಟೀರೇನ್ರಿ?"

"ಒಂದು ಸಲ ಹುಟ್ಟಿದ್ದಕ್ಕ ಇಷ್ಟು ಕಾಗದ ಕೇಳ್ತಿ. ಎರಡು ಸಲ ಹುಟ್ಟಿದ್ರ ನಿನ್ನ ಅಂಗಡ್ಯಾಗ ಜಾಗಾನ ಸಾಲ್ತಿರಲಿಲ್ಲಲೇ."

ದುರ್ಗೇಶ ನಕ್ಕ. "ಮೈಮ್ಯಾಲ ಕಾಣೋ ಗುರುತು?"

"ಬಲಗಿವಿ ಹಿಂದ ಕರೀ ಮಚ್ಚಿ ಐತಿ. ಬರ್ಕ."

ಹುಟ್ಟಿದ ಊರಿನ ಜನನ ದಾಖಲೆಯ ನಕಲು ತಂದರೆ ತಾರೀಖಿನ ತಕರಾರು ಮುಗಿಯುತ್ತದೆ ಎಂದು ಅವನು ಹೇಳಿದ. ಮರುದಿನವೇ ಅವಳು ಕುರುಗೋಡಿನ ಕಚೇರಿಗೆ ಹೋದಳು. ಗುಮಾಸ್ತ ಹುಳ ತಿಂದ ಪುಸ್ತಕ ತೆಗೆದು ಬೆರಳಾಡಿಸಿದ. ಹಂಪಕ್ಕ, ತಂದೆ ಹುಲುಗಪ್ಪ, ತಾಯಿ ಯಂಕಮ್ಮ. ತಾರೀಖು ಟಿಸಿಯಲ್ಲಿ ಇದ್ದದ್ದೇ. ಹಂಪಕ್ಕನಿಗೆ ಉಸಿರು ಹಗುರಾಯಿತು. ಅವನು ಮಾತ್ರ ಆ ಸಾಲಿನ ಪಕ್ಕದ ಕೆಂಪು ಗೆರೆ ನೋಡಿ ಇನ್ನೊಂದು ಪುಸ್ತಕ ಬಿಚ್ಚಿದ.

"ಅಮ್ಮಾ, ಈ ಕೂಸು ಎರಡು ವರ್ಷಕ್ಕ ತೀರ್ಕೊಂಡೈತಿ. ಇಲ್ಲಿ ಸಾವು ಬರ್ದಾರ. ಆಮ್ಯಾಲ ಆ ಮನ್ಯಾಗ ಹೆಣ್ಣುಮಗು ಹುಟ್ಟಿದ್ದು ಯಾ ಪುಸ್ತಕದಾಗೂ ಇಲ್ಲ. ನೀವು ಯಾರು?"

ಉರಿಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವಳಿಗೆ ಗುಮಾಸ್ತನ ಪ್ರಶ್ನೆಯೇ ಕಿವಿಯಲ್ಲಿತ್ತು. ಅವಳಿಗೆ ಬುದ್ಧಿ ಬಂದಾಗಿನ ಮೊದಲ ನೆನಪೊಂದಿತ್ತು. ಅಂಗಾತ ಮಲಗಿದ್ದಾಳೆ, ಮೇಲೆ ಬೇವಿನ ಟೊಂಗೆಗಳು, ಅಪ್ಪನ ಮುಖ ಬಾಗಿದೆ, ಅವಳ ಕೆನ್ನೆ ಮೇಲೆ ಹಿಡಿಹಿಡಿ ಮಣ್ಣು ಬೀಳುತ್ತಿದೆ. ಅಂಗಳದಲ್ಲಿ ಮಲಗಿಸಿದ್ದಾಗ ಮಾಳಿಗೆಯ ಅಂಚಿನ ಮಣ್ಣು ಉದುರಿದ್ದಿರಬೇಕೆಂದು ಇಷ್ಟು ವರ್ಷ ಅಂದುಕೊಂಡಿದ್ದಳು.

ದುರ್ಗೇಶ ಒಂದು ದಾರಿ ತೋರಿಸಿದ. ಸತ್ತವಳು ಬೇರೆ, ಇವಳು ಬೇರೆ ಎಂದು ತಾಯಿಯಿಂದಲೇ ಪ್ರಮಾಣಪತ್ರ ಮಾಡಿಸಬೇಕು. ಎಂಬತ್ತೈದರ ಯಂಕಮ್ಮ ಸಿರುಗುಪ್ಪದಲ್ಲಿ ಕಿರಿಮಗ ಓಬಳೇಶನ ಮನೆಯಲ್ಲಿದ್ದಳು. ಹಂಪಕ್ಕ ಅಲ್ಲಿಯ ನೋಟರಿ ಹನುಮೇಶನನ್ನು ಕರೆದುಕೊಂಡೇ ಹೋದಳು.

ಮಗಳ ಮಾತು ಕೇಳಿ ಯಂಕಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. "ನೀ ಹೋದಾಗ ನಿಮ್ಮಪ್ಪ ಒಲಿ ಮಸಿ ತಂದು ನಿನ್ನ ಕಿವಿ ಹಿಂದ ಹಚ್ಚಿದ, ತಿರುಗಿ ಬಂದ್ರ ಗುರುತು ಸಿಗಲಿ ಅಂತ. ಮರುವರ್ಷಕ್ಕ ಅದೇ ಮಸಿ ಹೊತ್ಕೊಂಡು ಬಂದಿ. ಬಂದ ಮಗಳನ್ನ ಸರ್ಕಾರದಾಗ ಎರಡನೇ ಸಲ ಯಾಕ ಬರಸ್ಬೇಕಿತ್ತು?"

"ಅವ್ವಾ, ನನ್ನ ಮುಖದ ಮ್ಯಾಲ ಮಾಳಿಗಿ ಮಣ್ಣು ಬಿದ್ದಿತ್ತಲ್ಲ, ಆವಾಗ ನನಗೆಷ್ಟು ವರ್ಷ?"

"ನಮ್ಮದು ಹಾಸುಗಲ್ಲಿನ ಮಾಳಿಗಿ. ಮಣ್ಣು ಎಲ್ಲಿಂದ ಬೀಳಬೇಕು?" ಯಂಕಮ್ಮ ಮಗಳ ಗಲ್ಲ ಸವರಿದಳು. "ಅದು ಬೇವಿನ ಗಿಡದ ಬುಡಕ ನಿನ್ನ ಮಣ್ಣಿಗಿಟ್ಟಾಗ ಬಿದ್ದದ್ದು. ನಿನಗೆ ನೆನಪೈತಿ ಅನ್ನು."

ಹನುಮೇಶ ಕೊರಳ ಬೆವರು ಒರೆಸಿಕೊಂಡ. ಹಂಪಕ್ಕ ಮಾತ್ರ ಹಟ ಬಿಡಲಿಲ್ಲ.

"ನೀ ಹೆಬ್ಬೆಟ್ಟು ಒತ್ತದಿದ್ರ ಆ ಬೋಧಿ ಗಿಡ ನೋಡದಂಗ ನಾ ಸಾಯಬೇಕು, ನೋಡವ್ವ."

ಸಾಯುವ ಮಾತು ಕೇಳಿದ್ದೇ ಯಂಕಮ್ಮನ ಮುಖ ಬಿಳುಚಿತು. "ಇನ್ನೊಂದು ಸಲ ಆ ಮಾತು ಆಡಬ್ಯಾಡ," ಎಂದು ಹೆಬ್ಬೆಟ್ಟು ಮುಂದೆ ಚಾಚಿದಳು.

ಹನುಮೇಶ ಪ್ರಮಾಣಪತ್ರ ಬರೆದು ಓದಿದ. "ನನಗೆ ಇಬ್ಬರು ಹೆಣ್ಣುಮಕ್ಕಳು. ಮೊದಲನೆಯ ಹಂಪಕ್ಕ ಎರಡು ವರ್ಷದವಳಿದ್ದಾಗ ತೀರಿಕೊಂಡಳು. ಎದುರಿಗಿರುವ ಹಂಪಕ್ಕ ಎರಡನೆಯವಳು. ಒಪ್ಪಿಗೆ ಏನ್ರಿ ಅಜ್ಜಿ?"

"ಹೂಂ."

ಹೆಬ್ಬೆಟ್ಟು ಕಾಗದದಿಂದ ಮೇಲೆದ್ದದ್ದೇ ತಡ, ಮುದುಕಿಯ ಹೊಟ್ಟೆಯಿಂದ ಯಾರೂ ಕೇಳರಿಯದ ದನಿ ಹೊರಟಿತು. ತುರುಬು ಬಿಚ್ಚಿ, ಎದೆ ಬಡಿದುಕೊಂಡು, "ನನ್ನ ಕೂಸು ಹೋತಲ್ಲೋ, ನಾ ಅಳಲೂ ಇಲ್ಲಲ್ಲೋ" ಎಂದು ಅತ್ತಳು. ನೆರೆಹೊರೆಯವರು ಯಾರು ತೀರಿಕೊಂಡರೆಂದು ಓಡಿ ಬಂದರು. ಅರವತ್ತು ವರ್ಷ ದಾಟಿದ ಅಳು ಅದು; ಮುಗಿಯಲು ಹೊತ್ತು ಹಿಡಿಯಿತು.

ಅತ್ತು ಮುಗಿದ ಮೇಲೆ ಯಂಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಶಾಂತವಾಗಿ ಹಂಪಕ್ಕನನ್ನು ನೋಡಿದಳು.

"ಓಬಳೇಶಾ, ಈ ಅಮ್ಮಾರಿಗೆ ಚಾಪಿ ಹಾಕಲೇ. ಬಿಸಿಲಾಗ ಮಾತಾಡ್ಸಾಕ ಬಂದಾರ. ಯಾ ಊರಾತ್ರೀ ತಾಯಿ ನಿಮ್ದು?"

"ಅವ್ವಾ, ನಾನು..." ಎಂದಳು ಹಂಪಕ್ಕ. ಮುಂದಿನ ಹೆಸರು ನಾಲಿಗೆಗೆ ಬಂದು ಅಲ್ಲೇ ನಿಂತಿತು.

ಹನುಮೇಶ ಶಾಯಿ ಆರಿದ ಕಾಗದವನ್ನು ಅವಳ ಕೈಗಿಟ್ಟ. ಎಲ್ಲೂ ತಪ್ಪಿರಲಿಲ್ಲ, ಇನ್ನು ಪಾಸ್‌ಪೋರ್ಟಿಗೆ ಯಾರ ತಡೆಯೂ ಇಲ್ಲ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಮಗಳು ಹೊರಟಾಗಲೆಲ್ಲ ಅವಳ ಕೈ ಹಿಡಿದು ಬೀದಿಯ ತನಕ ಬರುತ್ತಿದ್ದ ಯಂಕಮ್ಮ, ಅವತ್ತು ಕೂತಲ್ಲಿಂದಲೇ ಕೈಮುಗಿದಳು.