ಮದ್ರಾಸಿನ ಮಳೆ ಮತ್ತು ಹುಸೇನಬಿ ಚಾಚಿಯ ಖಡಕ್ ರೊಟ್ಟಿ

ಪರಊರಿಗೆ ಹೋಗಿಬಂದವರು ಮನೆ ಸೇರುವ ಮೊದಲು ಹುಸೇನಬಿ ಚಾಚಿಗೆ ವರದಿ ಒಪ್ಪಿಸಬೇಕಿತ್ತು. ಬೆಟಗೇರಿಯ ನಮ್ಮ ಓಣಿಯ ಬಾಯಲ್ಲೇ ಅವಳ ಮನೆ. ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಲೇ ಅವಳು ಹಾದುಹೋಗುವವರನ್ನು ಕೂಗಿ ನಿಲ್ಲಿಸುತ್ತಿದ್ದಳು. ಮುಂಡರಗಿಗೆ ಹೋಗಿದ್ದೆ ಎಂದರೆ ಅಲ್ಲಿ ಪೇಟೆ ಹೇಗಿತ್ತು, ಬಸ್ಸಿನಲ್ಲಿ ಪಕ್ಕಕ್ಕೆ ಯಾರು ಕೂತಿದ್ದರು, ಅವರು ಯಾಕೆ ಹೊರಟಿದ್ದರು, ಎಲ್ಲ ಬೇಕು.

"ಅದನ್ನೆಲ್ಲಾ ನಾ ಯಾಕ ಕೇಳ್ಲಿ ಚಾಚಿ?" ಎಂದರೆ, "ಮತ್ತ ಅಷ್ಟೊತ್ತು ಬಸ್ಸಿನ್ಯಾಗ ಕುಂತು ಏನು ಮಾಡಿದಿ?" ಎಂದು ನನ್ನನ್ನೇ ದಡ್ಡಿಯನ್ನಾಗಿ ಮಾಡುತ್ತಿದ್ದಳು.

ಹಮ್ಮಿಗಿಯ ಹೆಣ್ಣುಮಗಳು. ಗಂಡ ಬೇಗ ಹೋದ ಮೇಲೆ ಖಾನಾವಳಿಗಳಿಗೆ ಖಡಕ್ ರೊಟ್ಟಿ ಮಾಡಿಕೊಟ್ಟು ಒಬ್ಬಳೇ ಮಗಳು ಶಮಾಳನ್ನು ಬೆಳೆಸಿದಳು. ಅವಳ ರೊಟ್ಟಿಯ ಹದವೇ ಬೇರೆ. ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ತಿಂಗಳು ಕಳೆದರೂ ಹಪ್ಪಳದಂತೆ ಮುರಿಯುತ್ತಿತ್ತು. ನನಗಂತೂ ತಾಯಿಯ ಕೈಯ ರೊಟ್ಟಿಗಿಂತ ಅದೇ ಹೆಚ್ಚು ಸೇರುತ್ತಿತ್ತು. ಹಾಗೆಂದು ತಾಯಿಯ ಮುಂದೆ ಬಾಯಿ ಬಿಡುವ ಧೈರ್ಯ ಮಾತ್ರ ಬರಲಿಲ್ಲ.

ಗದಗ ಹೊಸ ಜಿಲ್ಲೆಯಾದಾಗ ಹೊಸ ಕಚೇರಿಯ ಗುಮಾಸ್ತರೊಬ್ಬರು ನಮ್ಮ ಓಣಿಗೆ ಬಾಡಿಗೆಗೆ ಬಂದರು. ಮೊದಲ ದಿನವೇ ಚಾಚಿಯ ಕೈಗೆ ಸಿಕ್ಕರು.

"ಸಾಹೇಬ್ರ, ಜಿಲ್ಲಾ ಆತು ಅಂದ್ರ ಏನೇನು ಆತ್ರಿ?"

"ಇನ್ನು ಎಲ್ಲಾ ಕೆಲಸಕ್ಕೂ ಧಾರವಾಡಕ್ಕ ಹೋಗೂದು ಬ್ಯಾಡ್ರಿ. ಎಲ್ಲಾ ಇಲ್ಲೇ."

"ಮಳೀನೂ ಇಲ್ಲೇ ಬರತೈತೇನ್ರಿ? ಅದೂ ಇಷ್ಟು ದಿನಾ ಧಾರವಾಡದಾಗ ಬಿದ್ದು, ಉಳಿದಿದ್ದು ನಮಗ ಬರ್ತಿತ್ತು."

ಆ ಮನುಷ್ಯ ಮರುದಿನದಿಂದ ಹಿಂದಿನ ಓಣಿಯಿಂದ ಕಚೇರಿಗೆ ಹೋಗತೊಡಗಿದರು.

ಶಮಾಳನ್ನು ಚಾಚಿ ಲಕ್ಷ್ಮೇಶ್ವರದ ಹುಡುಗನಿಗೆ ಕೊಟ್ಟಿದ್ದಳು. ಅವನು ಮದ್ರಾಸಿನಲ್ಲಿ ಚರ್ಮದ ಚೀಲ ಹೊಲಿಯುವ ಕಾರ್ಖಾನೆಯಲ್ಲಿದ್ದ. ಒಂದು ಚಳಿಗಾಲ ಅವನಿಂದ ಫೋನು ಬಂತು. ಶಮಾ ಬಸುರಿ, ತಿಂದದ್ದೆಲ್ಲ ಕಾರುತ್ತಿದ್ದಾಳೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಬಯಕೆ ಏನೆಂದು ಕೇಳಿದರೆ ಅಮ್ಮನ ಖಡಕ್ ರೊಟ್ಟಿ ಎನ್ನುತ್ತಾಳೆ, ಎಂದ. ನನ್ನ ಯಜಮಾನರು ರೈಲ್ವೆಯಲ್ಲಿದ್ದಾಗ ನಾವು ಮದ್ರಾಸಿನಲ್ಲಿ ಸ್ವಲ್ಪ ಕಾಲ ಇದ್ದೆವು. ನನಗೆ ಅಷ್ಟಿಷ್ಟು ತಮಿಳು ಬರುತ್ತಿತ್ತು. ಹಾಗಾಗಿ ಚಾಚಿಯ ಜೊತೆ ನಾನೇ ಹೊರಟೆ.

ಅವಳು ಹಗಲೆಲ್ಲ ರೊಟ್ಟಿ ಬಡಿದು ದೊಡ್ಡ ಗಂಟು ಕಟ್ಟಿದಳು. ಅಲ್ಲಿ ಈ ದಿನಗಳಲ್ಲಿ ಮಳೆ, ಡಬ್ಬಿಗೆ ಹಾಕು ಎಂದೆ.

"ಥಂಡಿ ದಿವಸದಾಗ ಬೀಳಾಕ ಮಳಿಗೇನು ಹುಚ್ಚ?" ಎಂದು ಸ್ವೆಟರು ತೊಟ್ಟು ತಯಾರಾದಳು. ನಮ್ಮ ಕಡೆ ಚಳಿಗಾಲವೆಂದರೆ ತುಟಿ ಒಡೆಯುವ ಒಣಗಾಳಿ. ಅವಳ ಪ್ರಕಾರ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಮದ್ರಾಸಿನಲ್ಲಿ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಚಳಿ ಹೆಸರಿಗೂ ಇಲ್ಲ. ಚಾಚಿ ಸ್ವೆಟರು ತೆಗೆದು, ಗಾಳಿ ಮೂಸಿ, ನಾಲಿಗೆಯಿಂದ ತುಟಿ ಸವರಿಕೊಂಡಳು.

"ಈ ಗಾಳಿಗೆ ಉಪ್ಪು ಐತಿ. ಇದು ಯಾವ ಕಾಲ ಅಂತ ಕೇಳವಾ ಇವರನ್ನ." ಆಟೋದವನನ್ನು ಕೇಳಿದೆ. ಚಳಿಗಾಲ ಎಂದ. "ಹಂಗಾರ ಇವರು ಹಪ್ಪಳ ಯಾವಾಗ ಒಣಗಸ್ತಾರ?" ಎಂದು ದಾರಿಯುದ್ದಕ್ಕೂ ಛಾವಣಿಗಳನ್ನೇ ನೋಡುತ್ತ ಬಂದಳು.

ಆಸ್ಪತ್ರೆಯಲ್ಲಿ ಶಮಾ ಮಂಚಕ್ಕೆ ಅಂಟಿಕೊಂಡಿದ್ದಳು. ಕೈಗೆ ಸಲೈನು. ಹೀಗೇ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ಕೂಸಿಗೆ ಕಷ್ಟ ಎಂದು ಡಾಕ್ಟರಮ್ಮ ಹೇಳಿದ್ದರು. ಚಾಚಿ ಗಂಟು ಬಿಚ್ಚಿದಳು. ರೊಟ್ಟಿಗಳು ಒದ್ದೆ ಟವೆಲ್ಲಿನಂತೆ ಜೋತುಬಿದ್ದವು. ಮುರಿಯಲು ಹೋದರೆ ಮಡಚಿಕೊಂಡವು.

"ಬ್ಯಾಡಮ್ಮಾ," ಎಂದು ಶಮಾ ಮುಖ ತಿರುಗಿಸಿದಳು. "ಮೆತ್ತಗಿಂದು ಕಂಡ್ರ ಹೊಟ್ಟಿ ತೊಳಸತೈತಿ. ಕಟಕಟ ಅಂದ್ರ ತಿಂತಿದ್ನಿ."

ಮರುದಿನ ಅಳಿಯನ ಕೋಣೆಯಲ್ಲಿ ಹಂಚಿನ ಮೇಲೆ ಕಾಯಿಸಿ ಡಬ್ಬಿಯಲ್ಲಿ ತಂದೆವು. ಊರಾಚೆಯಿಂದ ಬಸ್ಸು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮತ್ತೆ ಮೆತ್ತಗೆ. ಎದುರಿನ ಹೋಟೆಲಿನ ದೋಸೆ ಹಂಚಿನಲ್ಲಿ ಕಾಯಿಸಿದರೆ ಎಣ್ಣೆಯ ವಾಸನೆ. ಶಮಾ ಅದಕ್ಕೇ ಕಾರಿದಳು. ಅಂದು ಚಾಚಿ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಹಡೆದ ತಾಯಿ ಊಟ ಹೊತ್ತು ತಂದಿದ್ದಾಳೆ, ಮಗಳು ಎದುರಿಗೇ ಉಪವಾಸ.

ಆದರೆ ಸುಮ್ಮನೆ ಕೂರುವ ಜೀವ ಅದಲ್ಲ. ಆಸ್ಪತ್ರೆಯ ಗೇಟಿನ ಪಕ್ಕ ತಾಡಪಾಲಿನ ಕೆಳಗೆ ಇಸ್ತ್ರಿ ಬಂಡಿಯಿತ್ತು. ಮುದುಕನೊಬ್ಬ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಆಡಿಸುತ್ತಿದ್ದ. ಚಾಚಿ ರೊಟ್ಟಿಯ ಗಂಟು ಹಿಡಿದೇ ಅವನ ಮುಂದೆ ಹೋಗಿ ನಿಂತಳು.

"ಈ ಮಳ್ಯಾಗ ಇದ್ದಲಿ ಹೆಂಗ ಒಣಾ ಇಡ್ತಾನ, ಕೇಳ."

ಕೇಳಿದೆ. ಬಂಡಿಯ ಕೆಳಗೆ ಬೂದಿ ಹರವಿ ಮೂಟೆ ಇಡುತ್ತೇನೆ ಎಂದ.

"ಹಸಿ ಅರಬಿ ತಂದುಕೊಟ್ರ?"

ಒದ್ದೆ ಬಟ್ಟೆಯಾದರೆ ಇಸ್ತ್ರಿ ತೀಡಿಯೇ ಒಣಗಿಸುತ್ತೇನೆ ಎಂದ. ಚಾಚಿ ನನ್ನ ಕಡೆ ತಿರುಗಿದಳು. "ಅರಬಿ ಒಣಗತೈತಿ ಅಂದ್ರ ರೊಟ್ಟಿ ಯಾಕ ಒಣಗಂಗಿಲ್ಲ?"

ಇದನ್ನು ತಮಿಳಿನಲ್ಲಿ ಹೇಳುವಾಗ ನನಗೆ ನಾಚಿಕೆಯಿಂದ ಸಾಕುಸಾಕಾಯಿತು. ಮುದುಕ ಮೊದಲು ರೊಟ್ಟಿಯನ್ನೂ ಆಮೇಲೆ ಚಾಚಿಯನ್ನೂ ನೋಡಿದ. ಯಾರಿಗೆ ಎಂದ. ಬಸುರಿ ಮಗಳಿಗೆ ಎಂದೆ. ಅವನು ಗಿರಾಕಿಗಳ ಅಂಗಿಗಳನ್ನು ಬದಿಗೆ ಸರಿಸಿ, ಒಗೆದ ಪಂಚೆ ಹಾಸಿದ. ಮೇಲೆ ರೊಟ್ಟಿ, ಅದರ ಮೇಲೆ ಪಂಚೆಯ ಇನ್ನೊಂದು ಮಡಿಕೆ. ಇಸ್ತ್ರಿಪೆಟ್ಟಿಗೆ ಇಟ್ಟ. ಹಬೆ ಎದ್ದಿತು. "ಒತ್ತಬ್ಯಾಡ ಅನ್ನು, ಪುಡಿ ಆಗತೈತಿ," ಎಂದು ಚಾಚಿ ಅವನ ಕೈಯನ್ನೇ ಕಾಯುತ್ತಿದ್ದಳು. ಅವನು ತಿರುವಿ ಹಾಕಿದ. ಹಬೆ ನಿಂತಿತು. ಬಿಸಿ ಪಂಚೆಯ ಸಮೇತ ರೊಟ್ಟಿಯನ್ನು ಎತ್ತಿ ಅವಳ ಕೈಗಿಟ್ಟು, ಓಡು ಎಂದು ಸನ್ನೆ ಮಾಡಿದ.

ಅವಳು ಓಡಿದಳು. ಹಿಂದೆ ನಾನು. ಮಳೆ, ಗೇಟು, ಮೆಟ್ಟಿಲು, ಕಾವಲುಗಾರನ ಕೂಗು. ಶಮಾಳ ಮುಂದೆ ಪಂಚೆ ಬಿಚ್ಚಿ ಮುರಿದಳು. ಕಟಕ್ ಎಂದಿತು. ಪಕ್ಕದ ಮಂಚದವರು ತಿರುಗಿ ನೋಡಿದರು. ಶಮಾ ಒಂದು ತುಂಡು ಅಗಿದಳು, ನುಂಗಿದಳು. ನಾನು ಬೋಗುಣಿ ಹಿಡಿದು ಕಾದೆ. ಅದು ಬೇಕಾಗಲಿಲ್ಲ.

"ಅಮ್ಮಾ, ಇನ್ನೊಂದು ಐತೇನು?"

ಚಾಚಿ ಆಗಲೇ ಬಾಗಿಲು ದಾಟಿದ್ದಳು.

ಆಮೇಲೆ ದಿನವೂ ಅದೇ ಕ್ರಮ. ಶಮಾಳಿಗೆ ಗಂಜಿಯೂ ನಿಲ್ಲತೊಡಗಿತು, ಸಲೈನು ತೆಗೆದರು. ಚಾಚಿ ಹೆರಿಗೆಯವರೆಗೂ ಅಲ್ಲೇ ಉಳಿದಳು. ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆದಳಂತೆ. ಬೇಸಿಗೆಯ ಕೊನೆಗೆ ಎದೆ ನೋವೆಂದು ಮಲಗಿದ ಚಾಚಿ ಏಳಲಿಲ್ಲ. ಮಣ್ಣು ಅಲ್ಲೇ ಆಯಿತು.

ನಾನು ಅವಳನ್ನು ಕೊನೆಗೆ ಕಂಡದ್ದು ಆ ಚಳಿಗಾಲದಲ್ಲೇ, ಊರಿಗೆ ಹೊರಟ ದಿನ. ಅಂದೂ ಮಳೆಯಿತ್ತು. ಚೀಲ ಹಿಡಿದು ಇಸ್ತ್ರಿ ಬಂಡಿಯ ಹತ್ತಿರ ಹೋಗಿ, "ಬರ್ತೀನಿ ಚಾಚಿ," ಎಂದೆ. ಅಷ್ಟರಲ್ಲಿ ಮುದುಕ ಪಂಚೆಯ ಗಂಟು ಅವಳ ಕೈಗಿಟ್ಟ.

"ನಿಂತು ಮಾತಾಡಾಕ ಆಗಂಗಿಲ್ಲವಾ, ರೊಟ್ಟಿ ಮೆತ್ತಗಾಗತೈತಿ," ಎಂದು ಅವಳು ಗಂಟನ್ನು ಎದೆಗೆ ಅವಚಿಕೊಂಡು ನನ್ನನ್ನು ದಾಟಿ ಓಡಿದಳು. ಮಳೆಯಲ್ಲಿ ನನಗೆ ಅವಳ ಬೆನ್ನಷ್ಟೇ ಕಂಡಿತು.