ಕಾಲರ್ ಅತ್ತೆ ಹೊಲಿಸಿದ ಪರದೆ

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ, ನನ್ನ ಹತ್ತಿರ ಪದಗಳೂ ಹೆಚ್ಚಿಲ್ಲ. ನಮ್ಮ ಸಮುದಾಯ ಕೇಂದ್ರದ ವಾರ್ಷಿಕ ಸಂಚಿಕೆಗೆ ಪ್ರತಿ ತರಗತಿಯಿಂದ ಒಬ್ಬೊಬ್ಬರು ಬರೆದುಕೊಡಬೇಕು ಎಂದಾಗ, ಹೊಲಿಗೆ ತರಗತಿಯವರೆಲ್ಲ ನನ್ನ ಮುಖ ನೋಡಿದರು. ಮಾತು ಕಡಿಮೆ ಇರುವವರು ಚೆನ್ನಾಗಿ ಬರೆಯುತ್ತಾರೆ ಎಂದು ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ. ಕಾಣದೆ ಇದ್ದದ್ದನ್ನು ಕಾಲರ್ ಅತ್ತೆಯನ್ನೇ ಕೇಳಿ ಬರೆದಿದ್ದೇನೆ.

ಕಾಲರ್ ಅತ್ತೆ ಎಂದರೆ ನಮ್ಮ ಹೊಲಿಗೆ ಕಲಿಸುವವರು. ಮದುವೆಯಾದ ವರ್ಷವೇ ಅಂಗಿ ಹೊಲಿಯುವ ಕಾರ್ಖಾನೆಗೆ ಸೇರಿದವರು, ಅದು ಬಾಗಿಲು ಹಾಕುವ ದಿನದವರೆಗೂ ಅಲ್ಲೇ ಇದ್ದರು. ಅಲ್ಲಿ ಒಬ್ಬರಿಗೆ ಒಂದೇ ಕೆಲಸ. ತೋಳಿನವರಿಗೆ ತೋಳು, ಜೇಬಿನವರಿಗೆ ಜೇಬು, ಅತ್ತೆಗೆ ಕಾಲರ್. ಅಷ್ಟು ವರ್ಷ ಕಾಲರ್ ಹೊಲಿದೂ ಹೊಲಿದೂ ಅವರ ಕೈ ಎಷ್ಟು ಪಳಗಿತ್ತೆಂದರೆ ನಿದ್ದೆಯಲ್ಲೂ ಬೆರಳು ಆಡುತ್ತಿದ್ದವಂತೆ. ಆದರೆ ಒಂದು ಇಡೀ ಅಂಗಿಯನ್ನು ಅವರು ತಮ್ಮ ಕೈಯಿಂದ ಹೊಲಿದಿರಲಿಲ್ಲ. "ಕುತ್ತಿಗೆಯಿಂದ ಕೆಳಗೆ ನನಗೇನೂ ಗೊತ್ತಿರಲಿಲ್ಲ ಕಣ್ರೇ" ಎಂದು ಈಗಲೂ ಹೇಳಿ ನಗುತ್ತಾರೆ.

ಕಾರ್ಖಾನೆಯಲ್ಲಿ ಇನ್ನೊಂದು ಪಾಠವನ್ನೂ ಅವರು ಕಲಿತಿದ್ದರು. ಜ್ವರ ಬಂದು ನಾಲ್ಕು ದಿನ ಮಲಗಿದರೆ ಮುಗಿಯಿತು, ಎದ್ದು ಹೋಗುವಷ್ಟರಲ್ಲಿ ನಿಮ್ಮ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಆ ಹೆದರಿಕೆ ಅವರ ಮೈಯೊಳಗೆ ಹೊಕ್ಕಿದ್ದು, ಕಾರ್ಖಾನೆ ಹೋದರೂ ಹೋಗಲಿಲ್ಲ.

ಕೆಲಸ ನಿಂತ ಮೇಲೆ ಮನೆಯಲ್ಲಿ ಹಗಲು ಕಳೆಯುವುದೇ ಕಷ್ಟವಾಯಿತು. ಮಗ ಲಾರಿಯ ಮೇಲೆ ಇರುತ್ತಾನೆ. ಸೊಸೆ ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಾಳೆ. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುವುದನ್ನು ನೋಡಿ ಸೊಸೆಯೇ ಒಂದು ಶನಿವಾರ, "ಕೇಂದ್ರದಲ್ಲಿ ಪುಕ್ಕಟೆ ಬಿಪಿ ನೋಡ್ತಾರೆ, ಹೋಗಿ ಬನ್ನಿ ಅತ್ತೆ" ಎಂದು ಕಳಿಸಿದಳು.

ಕೇಂದ್ರ ಎಂದರೆ ಒಂದು ದೊಡ್ಡ ಹಾಲ್, ಪಕ್ಕದಲ್ಲಿ ಎರಡು ಕೋಣೆ, ಹಿಂದೆ ಒಂದು ನಲ್ಲಿ. ಬೆಳಿಗ್ಗೆ ಪೇಪರ್ ಓದುವವರು, ಮಧ್ಯಾಹ್ನ ಕೇರಂ ಆಡುವವರು, ಸಂಜೆ ಮಕ್ಕಳ ಪಾಠ, ಅದು ಮುಗಿಯುವ ಮೊದಲೇ ಹಾಡು ಕಲಿಯುವವರು ಬಂದು ಬಾಗಿಲಲ್ಲಿ ಕೆಮ್ಮುತ್ತಾರೆ. ಇದೆಲ್ಲದರ ಬೀಗದ ಕೈ ಪೋಸ್ಟ್ ಮಾವನ ಸೊಂಟದಲ್ಲಿ. ಅವರು ಮೊದಲು ಅಂಚೆ ಹಂಚುತ್ತಿದ್ದವರು, ಈಗ ಕೇಂದ್ರದ ಚಿಂತೆಯನ್ನೆಲ್ಲ ಹೊತ್ತು ತಿರುಗುತ್ತಾರೆ.

ಬಿಪಿ ನೋಡಿಸಲು ಸಾಲಿನಲ್ಲಿ ನಿಂತಿದ್ದ ಅತ್ತೆಯ ಕಣ್ಣು ಮೂಲೆಯಲ್ಲಿದ್ದ ಒಂದು ಮೇಜಿನ ಮೇಲೆ ಬಿತ್ತು. ಮೇಲೆ ಕೇರಂ ಪೌಡರಿನ ಡಬ್ಬಿ, ಹಳೆ ಪೇಪರು. ಹಾಸಿದ ಬಟ್ಟೆಯ ಕೆಳಗಿನಿಂದ ಇಣುಕುತ್ತಿದ್ದದ್ದು ಮಾತ್ರ ಹೊಲಿಗೆ ಮೆಷಿನ್ನಿನ ಕಾಲು. ಇದು ನಡೆಯುತ್ತದೆಯೇ ಎಂದು ಕೇಳಿದರು. "ನಡೆಯಲ್ಲಮ್ಮ, ಅದಕ್ಕೇ ನಿಂತಿದೆ" ಎಂದರು ಪೋಸ್ಟ್ ಮಾವ. ಅತ್ತೆ ಮರುದಿನ ಎಣ್ಣೆ ಡಬ್ಬಿ, ಹಳೆ ಹಲ್ಲುಜ್ಜುವ ಬ್ರಷ್ಷು ಹಿಡಿದು ಬಂದರು. ಸಂಜೆ ಹೊತ್ತಿಗೆ ಮೆಷಿನ್ನು ಓಡಿತು. ಮೇಜು ಕಳೆದುಕೊಂಡ ಕೇರಂನವರು ತಿಂಗಳುಗಟ್ಟಲೆ ಗೊಣಗಿದರು.

ಹೀಗೆ ತರಗತಿ ಶುರುವಾಯಿತು. ಬೂತಿನಲ್ಲಿ ಹಾಲು ಮಾರುವ ಹಾಲಿನಕ್ಕ, ಹಿಟ್ಟಿನ ಗಿರಣಿಯ ಗಿರಣಿ ಅಕ್ಕ ಮೊದಲು ಬಂದವರು. ಕಲಿಸುವವರಿಗೆ ಕಾಲರ್ ಮಾತ್ರ ಗೊತ್ತು, ಕಲಿಯುವವರಿಗೆ ಅದೂ ಗೊತ್ತಿಲ್ಲ. ಪೋಸ್ಟ್ ಮಾವ ಮನೆಯಿಂದ ತಮ್ಮದೊಂದು ಅಂಗಿ ತಂದು, ಬಿಚ್ಚಿ ನೋಡಿ ಎಂದು ಕೊಟ್ಟರು. ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ಯಾವ ತುಂಡು ಯಾವುದಕ್ಕೆ ಕೂಡುತ್ತದೆ ಎಂದು ನೆಲದ ಮೇಲೆ ಹರವಿ ನೋಡಿ, ಮತ್ತೆ ಹೊಲಿದರು. ಒಂದು ತೋಳು ಹಿಂದುಮುಂದಾಗಿ ಕೂತಿತ್ತು. ಮಾವ ಆ ಅಂಗಿಯನ್ನೇ ಹಾಕಿಕೊಂಡು ಕೇಂದ್ರದ ಸಮಿತಿಯ ಸಭೆಗೆ ಹೋದರು, ಇಡೀ ಸಭೆಯಲ್ಲಿ ಒಂದು ಕೈ ಎತ್ತಲಾರದೆ ಕೂತಿದ್ದರು. ಆ ಅಂಗಿಯ ಋಣ ತೀರಿಸಲು ಆಗುವುದಿಲ್ಲ ಎಂದು ಅತ್ತೆ ಹೇಳುತ್ತಿರುತ್ತಾರೆ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಅತ್ತೆಯ ಕಣ್ಣಿಗೆ ಪೊರೆ ಬಂತು. ಮೊದಮೊದಲು ಕನ್ನಡಕದ ಗಾಜು ಕೊಳೆಯಾಗಿದೆ ಎಂದುಕೊಂಡು ಒರೆಸಿದ್ದೇ ಒರೆಸಿದ್ದು. ಡಾಕ್ಟರು ನೋಡಿ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ, ಆಮೇಲೆ ಕೆಲವು ವಾರ ಬಗ್ಗುವುದು, ಹೊಲಿಯುವುದು ಬೇಡ ಎಂದರು. ಅತ್ತೆಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಬೇರೆ ಬಡಾವಣೆಯ ಕೇಂದ್ರಗಳಲ್ಲಿ ಸರ್ಟಿಫಿಕೇಟ್ ಇರುವ ಟೀಚರ್ ಬರುತ್ತಾರೆ ಎಂದು ಸಮಿತಿಯಲ್ಲಿ ಯಾರೋ ಅಂದದ್ದು ಅವರ ಕಿವಿಗೂ ಬಿದ್ದಿತ್ತು. ಕುರ್ಚಿ ಬಿಟ್ಟು ಎದ್ದರೆ ಮತ್ತೆ ಸಿಗುವುದಿಲ್ಲ ಎಂದು ಗಟ್ಟಿಮಾಡಿಕೊಂಡು, ಕಣ್ಣಿನ ವಿಷಯವನ್ನು ಕೇಂದ್ರದಲ್ಲಿ ಯಾರಿಗೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡರು. ಆಪರೇಷನ್ ಮಾಡಿಸಿಕೊಳ್ಳಿ ಎಂದು ಸೊಸೆ ಗೋಗರೆದರೂ ನಾಳೆ, ನಾಡಿದ್ದು ಎನ್ನುತ್ತಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ಸೂಜಿಗೆ ದಾರ ಪೋಣಿಸುವುದು. ಆದರೆ ಅದೃಷ್ಟಕ್ಕೆ ಸೂಜಿ ಚುಚ್ಚಿಡುವ ಪುಟ್ಟ ದಿಂಬಿನಲ್ಲಿ ಯಾವಾಗ ನೋಡಿದರೂ ದಾರ ಹಾಕಿದ ಸೂಜಿಗಳು ಇರುತ್ತಿದ್ದವು. ಈ ಹೆಂಗಸರಿಗೆ ಶಿಸ್ತೇ ಇಲ್ಲ ಎಂದುಕೊಂಡು ಅತ್ತೆ ಒಳಗೊಳಗೇ ಖುಷಿಪಟ್ಟು ಆ ಸೂಜಿಗಳನ್ನೇ ತೆಗೆದುಕೊಳ್ಳುತ್ತಿದ್ದರು. ಅನುಮಾನ ಬರಬಾರದೆಂದು ಆಗಾಗ, "ದಾರ ಹಾಗೇ ಬಿಟ್ಟು ಹೋಗ್ತೀರಲ್ಲ, ದಾರ ಏನು ಮರದಲ್ಲಿ ಬೆಳೆಯುತ್ತಾ?" ಎಂದು ಬೈಯುತ್ತಲೂ ಇದ್ದರು. ಬೈಸಿಕೊಂಡವರು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದರು.

ಈ ವರ್ಷ ವಾರ್ಷಿಕೋತ್ಸವದ ವೇದಿಕೆಗೆ ಹೊಸ ಪರದೆ ಹೊಲಿಯುವ ಕೆಲಸ ಬಂತು. ಅಲ್ಲಿಯವರೆಗೆ ಇದ್ದದ್ದು ಒಂದಕ್ಕೊಂದು ಗಂಟು ಹಾಕಿದ ಬೆಡ್‌ಶೀಟುಗಳು, ಹೋದ ಸಲ ಅವು ಹಾಡುವವರ ತಲೆಯ ಮೇಲೇ ಬಿದ್ದಿದ್ದವು. ಬಟ್ಟೆ ಅಂಗಡಿಯವರು ಉಳಿದಿದ್ದ ಒಂದು ಥಾನು ಕೆಂಪು ಮಖಮಲ್ ದಾನ ಕೊಟ್ಟರು. ಅಳೆದರೆ ಪರದೆಗೆ ಸರಿಯಾಗಿ ಸಾಕು, ಗೇಣು ಬಟ್ಟೆ ಹೆಚ್ಚಿಗೆ ಇಲ್ಲ.

ಮಖಮಲ್ಲಿನಲ್ಲಿ ಒಂದು ತೊಡಕಿದೆ. ಅದರ ನವಿರು ಎಳೆಗಳೆಲ್ಲ ಒಂದೇ ಕಡೆಗೆ ಮಲಗಿರುತ್ತವೆ. ಒಂದು ಪಟ್ಟಿ ನೆಟ್ಟಗೆ, ಪಕ್ಕದ್ದು ತಲೆಕೆಳಗಾಗಿ ಹೊಲಿದರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಆದ್ದರಿಂದ ಕತ್ತರಿಸಿದ ಪ್ರತಿ ಪಟ್ಟಿಯ ಹಿಂದೆ, ಯಾವ ತುದಿ ಮೇಲೆ ಎಂದು ಸೀಮೆಸುಣ್ಣದಲ್ಲಿ ಬಾಣ ಹಾಕಬೇಕು. ಅಂಗೈಯಿಂದ ಸವರಿದರೆ ದಿಕ್ಕು ಸುಲಭವಾಗಿ ಗೊತ್ತಾಗುತ್ತದೆ, ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು. ಆದರೆ ಹಾಗೆ ಸವರುವವರನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. "ಬೆಕ್ಕಿನ ಮೈ ನೇವರಿಸ್ತಾ ಇದ್ದೀರಾ? ಕೈ ಬೆವರೆಲ್ಲ ಬಟ್ಟೆಗೆ. ಬೆಳಕಿಗೆ ಹಿಡಿದು ನೋಡಿ" ಎಂದು ಗದರುತ್ತಿದ್ದರು. ಹಾಗೆ ಗದರಿದ ಮೇಲೆ ತಾವೇ ಸವರುವುದು ಹೇಗೆ? ಕಿಟಕಿಯ ಬೆಳಕಿಗೆ ಒಂದೊಂದೇ ಪಟ್ಟಿ ಹಿಡಿದರು. ಕಂಡದ್ದು ಮಂಜು ಮಂಜಾದ ಕೆಂಪು. ಕಂಡವರ ಹಾಗೆ ತಲೆಯಾಡಿಸಿ, ಅಂದಾಜಿನಲ್ಲಿ ಬಾಣ ಹಾಕಿದರು. ಉಳಿದವರು ಬಾಣ ನೋಡಿ ಹೊಲಿದರು, ಅತ್ತೆ ಹಾಕಿದ ಬಾಣವನ್ನು ಮುಂಬದಿ ತಿರುಗಿಸಿ ಪರೀಕ್ಷಿಸಲು ಯಾರಿಗೂ ಮನಸ್ಸಾಗಲಿಲ್ಲ.

ವಾರ್ಷಿಕೋತ್ಸವಕ್ಕೆ ಒಂದು ವಾರ ಇರುವಾಗ ಪರದೆ ಕಟ್ಟಿ ನೋಡೋಣವೆಂದು ಎಲ್ಲರೂ ಸೇರಿದರು. ಕಂಬಿಗೆ ಏರಿಸಿದ್ದಾಯಿತು. ಲೈಟಿನವನು ಗುಂಡಿ ಒತ್ತಿದ. ಹಾಲ್‌ನಲ್ಲಿ ಉಸಿರಾಡುವ ಸದ್ದು ಕೂಡ ನಿಂತುಹೋಯಿತು. ಒಂದು ಪಟ್ಟಿ ಕಪ್ಪುಗೆಂಪು, ಪಕ್ಕದ್ದು ಮಾಸಿದ ಕೆಂಪು, ಇನ್ನೊಂದು ಮತ್ತೆ ಕಪ್ಪುಗೆಂಪು. ಕೇರಂ ಗುಂಪಿನ ಒಬ್ಬರು, "ಹಾಸಿಗೆ ಸುತ್ತೋ ಜಮಖಾನ ಇದ್ದ ಹಾಗಿದೆ" ಎಂದರು. ಯಾರೂ ನಗಲಿಲ್ಲ.

ಅತ್ತೆಗೆ ಆ ಪಟ್ಟೆಗಳು ಕಾಣಿಸಲಿಲ್ಲ. ಆದರೆ ಆ ಮೌನ ಕೇಳಿಸಿತು.

ಅವರು ಬಾಯಿ ತೆರೆಯುವ ಮೊದಲೇ ಹಾಲಿನಕ್ಕ ಮುಂದೆ ಬಂದು, ಬಾಣ ಹಾಕಿದ್ದು ತಾನು, ಎಲ್ಲೋ ಎಡವಟ್ಟಾಗಿದೆ ಎಂದಳು. ಗಿರಣಿ ಅಕ್ಕ ಅವಳನ್ನು ಪಕ್ಕಕ್ಕೆ ತಳ್ಳಿ, ಅವಳಲ್ಲ, ಆ ದಿನ ಅವಳು ಬಂದೇ ಇರಲಿಲ್ಲ, ಹಾಕಿದ್ದು ತಾನು ಎಂದಳು. ಹಿಂದಿನಿಂದ ಇನ್ನೂ ಇಬ್ಬರು ಕೈ ಎತ್ತಿದರು.

"ಒಂದು ತಪ್ಪಿಗೆ ಇಷ್ಟು ಜನ ಕಿತ್ತಾಡೋದನ್ನ ನಾನು ಎಲ್ಲೂ ನೋಡಿಲ್ಲ" ಎಂದರು ಪೋಸ್ಟ್ ಮಾವ.

ಸುಮ್ಮನಿದ್ದುಬಿಟ್ಟರೆ ಆ ದಿನ ದಾಟಿಹೋಗುತ್ತಿತ್ತು. ಅತ್ತೆಗೂ ಒಂದು ಕ್ಷಣ ಹಾಗೇ ಅನ್ನಿಸಿತಂತೆ. ಆದರೆ ಕೈಹಿಡಿದು ಹೊಲಿಗೆ ಕಲಿಸಿದವರ ತಲೆಯ ಮೇಲೆ ತಮ್ಮ ತಪ್ಪನ್ನು ಹೊರಿಸಿ ಆ ಕುರ್ಚಿಯಲ್ಲಿ ಕೂರುವುದಾದರೂ ಹೇಗೆ ಎನ್ನಿಸಿತು.

"ಇವರ್ಯಾರೂ ಅಲ್ಲ. ಹಾಕಿದ್ದು ನಾನು" ಎಂದರು. "ನನಗೆ ಕಣ್ಣು ಕಾಣಿಸ್ತಿಲ್ಲ."

"ನಮಗೆ ಗೊತ್ತು ಅತ್ತೆ" ಎಂದಳು ಹಾಲಿನಕ್ಕ.

"ಗೊತ್ತಾ? ಯಾವಾಗಿಂದ?"

"ನೀವು ನೀಲಿ ದಾರ ಹಿಡ್ಕೊಂಡು ಕಪ್ಪು ಅಂದ್ರಲ್ಲ, ಅವತ್ತಿಂದ."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವೂ ಹೇಳಲಿಲ್ಲವಲ್ಲ."

ಅತ್ತೆಯ ಧ್ವನಿ ಸಣ್ಣದಾಯಿತು. "ಹಾಗಾದ್ರೆ ಆ ದಾರ ಹಾಕಿದ ಸೂಜಿಗಳು... ನಾನು ಬೈತಿದ್ದೆನಲ್ಲೇ."

"ಬೈಸ್ಕೊಂಡು ಬೈಸ್ಕೊಂಡೇ ಪೋಣಿಸಿಡ್ತಿದ್ವಿ" ಎಂದಳು ಗಿರಣಿ ಅಕ್ಕ. ಈಗ ಎಲ್ಲರೂ ನಕ್ಕರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅತ್ತೆ ಕಾರ್ಖಾನೆಯ ಕುರ್ಚಿಯ ಕಥೆ, ಡಾಕ್ಟರ ಮಾತು, ಸರ್ಟಿಫಿಕೇಟಿನ ಟೀಚರ್, ಎಲ್ಲವನ್ನೂ ಅಲ್ಲೇ ಹೇಳಿಬಿಟ್ಟರು. ಪೋಸ್ಟ್ ಮಾವ ಪೂರ್ತಿ ಕೇಳಿ, "ಇದು ಕಾರ್ಖಾನೆ ಅಲ್ಲಮ್ಮ. ಆ ಮೆಷಿನ್ನು ವರ್ಷಗಟ್ಟಲೆ ಮೂಲೆಯಲ್ಲಿತ್ತು, ಯಾರು ಬಂದು ಕೂತರು? ನೀವೇ ಬರಬೇಕಾಯ್ತು. ಹೋಗಿ ಕಣ್ಣು ಸರಿಮಾಡಿಸ್ಕೊಂಡು ಬನ್ನಿ. ಅಲ್ಲಿವರೆಗೆ ಕೇರಂನವರು ಅದರ ಮೇಲೆ ಪೌಡರ್ ಡಬ್ಬಿ ಇಡದ ಹಾಗೆ ನಾನು ಕಾಯ್ತೀನಿ" ಎಂದರು.

ಅತ್ತೆ ಮಾತ್ರ ಪರದೆ ಸರಿಮಾಡದೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ ಹಿಡಿದರು. ಹೊಸ ಬಟ್ಟೆ ಇಲ್ಲ. ಇರುವುದನ್ನೇ ಬಿಚ್ಚಿ, ತಪ್ಪಿದ ಪಟ್ಟಿಗಳನ್ನು ತಲೆಕೆಳಗು ಮಾಡಿ ಹೊಲಿಯಬೇಕು. ಆ ವಾರ ಕೇಂದ್ರದಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಹಾಲ್‌ನ ಉದ್ದಕ್ಕೂ ಪರದೆ ಹಾಸಿ, ಎರಡೂ ಕಡೆ ಜನ ಕೂತರು. ಹಾಡುವವರು ಹಾಡುತ್ತಲೇ ಹೊಲಿಗೆ ಬಿಚ್ಚಿದರು. ಜಮಖಾನ ಎಂದಿದ್ದ ಕೇರಂನವರು ಎಲ್ಲರಿಗಿಂತ ಮೊದಲು ಬಂದು, ಬೆಳ್ಳಗಿನ ಬೆರಳುಗಳಿಂದ ದಾರದ ಚೂರು ಆರಿಸಿದರು. ಬಟ್ಟೆಗೆ ಪೌಡರ್ ಹತ್ತುತ್ತದೆಂದು ಅವರನ್ನು ಎರಡು ಸಲ ಕೈ ತೊಳೆಯಲು ಕಳಿಸಬೇಕಾಯಿತು.

ಅತ್ತೆ ಮಧ್ಯದಲ್ಲಿ ಕೂತು ಕಣ್ಣು ಮುಚ್ಚಿ, ಒಂದೊಂದು ಪಟ್ಟಿಯನ್ನೂ ಅಂಗೈಯ ಹಿಂಬದಿಯಿಂದ ಸವರಿ, ಇದು ಹೀಗೆ, ಅದು ಹಾಗೆ ಎಂದು ಹೇಳಿದರು. ಪಕ್ಕದಲ್ಲಿದ್ದವರು ಬಾಣ ಹಾಕಿದರು.

"ಬೆಕ್ಕು ಹೇಗಿದೆ ಅತ್ತೆ?" ಎಂದು ಹಾಲಿನಕ್ಕ ಕೆಣಕಿದಳು.

"ಸಾಧು ಬೆಕ್ಕು ಕಣೇ. ಮೊದಲೇ ನೇವರಿಸಬೇಕಿತ್ತು" ಎಂದರು ಅತ್ತೆ.

ವಾರ್ಷಿಕೋತ್ಸವದ ಸಂಜೆ ಪರದೆ ಕಟ್ಟಿ ದೀಪ ಹಾಕಿದರು. ಅತ್ತೆ ಮೊದಲ ಸಾಲಿನಲ್ಲಿ ಸೊಸೆಯ ಪಕ್ಕ ಕೂತಿದ್ದರು. ಮುಂದೆ ಏನೋ ಕೆಂಪಗೆ ನಿಂತಿರುವುದಷ್ಟೇ ಅವರಿಗೆ ಕಾಣುತ್ತಿತ್ತು. "ಒಂದೇ ಬಣ್ಣ ಇದೆಯೇನೇ?" ಎಂದು ಕೇಳಿದರು. "ಒಂದೇ ಬಣ್ಣ ಅತ್ತೆ" ಎಂದಳು ಸೊಸೆ. ಅವಳ ಮಾತು ಸಾಲದೆ, ಹಿಂದೆ ತಿರುಗಿ ಗಿರಣಿ ಅಕ್ಕನನ್ನೂ ಕೇಳಿದರು. ಹತ್ತಿರ ಹೋಗಿ ನೋಡಿದರೆ ಕೆಳಗಿನ ಅಂಚಿನಲ್ಲಿ ಹಳೆಯ ಹೊಲಿಗೆಯ ಸೂಜಿ ತೂತುಗಳು ಇನ್ನೂ ಇವೆ. ಅವು ಹೋಗುವುದಿಲ್ಲ, ಇರಲಿ ಎಂದಿದ್ದಾರೆ ಅತ್ತೆ.

ಬರೆದು ಮುಗಿಸಿ ಇದನ್ನು ಅವರಿಗೆ ಓದಿ ಹೇಳಿದೆ. ಒಂದೇ ತಿದ್ದುಪಡಿ ಹೇಳಿದರು. ನಾನು ಮೊದಲು, ಅತ್ತೆ ನಮಗೆ ಹೊಲಿಗೆ ಕಲಿಸಿದರು ಎಂದಷ್ಟೇ ಬರೆದಿದ್ದೆ. "ಇಡೀ ಅಂಗಿ ಹೊಲಿಯೋದನ್ನ ನನಗೆ ಕಲಿಸಿದ್ದು ಈ ಕೇಂದ್ರದವರು, ಅದನ್ನೂ ಬರಿ" ಎಂದರು. ಬರೆದಿದ್ದೇನೆ.

ಸೋಮವಾರ ಅವರ ಕಣ್ಣಿನ ಆಪರೇಷನ್. ನಾನು ಆ ದಿನ ಮಧ್ಯಾಹ್ನ ಪೋಸ್ಟ್ ಮಾವನ ಹತ್ತಿರ ಬೀಗದ ಕೈ ತೆಗೆದುಕೊಂಡು, ಮೆಷಿನ್ನಿಗೆ ಎಣ್ಣೆ ಬಿಟ್ಟು, ಸೂಜಿಗಳಿಗೆಲ್ಲ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುತ್ತೇನೆ.